ಬರಗಾಲದ ಅಂಗಳದಲ್ಲಿ ಹೂವು

(ಸಭಾಸದರು ಮತ್ತು ಅವರ ಮನೆಯ ತಾಯಂದಿರ ಮುಂದೆ ಮಾಡಿದ ಭಾಷಣದ ಲಿಖಿತ ಪಾಠ)



ಈ ಪತ್ರಿಕೆಯಲ್ಲಿ ತಾವು ಕಬ್ಬಿನ ನಾಟಿಯ ಕಾಲ, ಗೊಬ್ಬರದ ಪ್ರಮಾಣ, ಕುಳೆ ಬೆಳೆಯ ನಿಗಾ, ಕಟಾವಿನ ಪಾಳಿ ಇವುಗಳ ಬಗ್ಗೆ ಓದುತ್ತ ಬಂದಿದ್ದೀರಿ. ಇಂದು ಹೂವಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಸಕ್ಕರೆ ಕಾರ್ಖಾನೆಗೂ ಹೂವಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ, ಅದು ನೀರಿನ ಸಂಬಂಧ.

ಸೊಲ್ಲಾಪುರದ ಸುತ್ತ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 700 ಮಿಲಿಮೀಟರ್. ಜತ್ತ ಕಡೆಗೆ ಹೋದಂತೆ ಇನ್ನೂ ಕಡಿಮೆ. ಅದೂ ಹಿಂಚುಮುಂಚಾಗಿ ಬೀಳುವ ಮಳೆ. 1972ರ ಬರವನ್ನು ಹಿರಿಯರು ಇನ್ನೂ ಮರೆತಿಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ನಮ್ಮ ನೆರೆಯ ಮಿರಜದಿಂದ ಲಾತೂರಿಗೆ ರೈಲು ಗಾಡಿಯಲ್ಲಿ ಕುಡಿಯುವ ನೀರು ಹೋದದ್ದನ್ನು ಚಿಕ್ಕವರೂ ಬಲ್ಲರು. ಇಂಥ ವರ್ಷ ಬಂದಾಗ ಮನೆಯಲ್ಲಿ ಮೊದಲು ಒಣಗುವುದು ಯಾವುದು? ಹಿತ್ತಲಿನ ಹೂಗಿಡ. ಗುಲಾಬಿ ಹೋಗುತ್ತದೆ, ಮಲ್ಲಿಗೆ ಹೋಗುತ್ತದೆ, ಸೇವಂತಿಗೆ ಹೋಗುತ್ತದೆ. ಟ್ಯಾಂಕರಿನ ಮುಂದೆ ಪಾಳಿ ಹಚ್ಚಿ ತಂದ ಕೊಡದ ನೀರನ್ನು ಗಿಡಕ್ಕೆ ಹಾಕಲು ಯಾವ ತಾಯಿಗೆ ಮನಸ್ಸು ಬಂದೀತು? ಇದ್ದ ಒಂದು ತಂಬಿಗೆ ತುಳಸಿಗೆ ಹೋದರೆ ಅದೇ ಹೆಚ್ಚು.

ಆದ್ದರಿಂದ ಬರಗಾಲದಲ್ಲಿಯೂ ತಾಳುವ, ಮೈಯಲ್ಲಿಯೇ ನೀರು ಕೂಡಿಟ್ಟುಕೊಳ್ಳುವ, ಅಂದವಾದ ಹೂವನ್ನೂ ಕೊಡುವ ಕೆಲವು ಗಿಡಗಳ ಪರಿಚಯ ಮಾಡಿಕೊಡುವೆ. ಇವುಗಳಿಗೆ ಸಕ್ಯುಲೆಂಟ್ ಅಂದರೆ ರಸಭರಿತ ಗಿಡಗಳು ಎಂದು ಹೆಸರು.

ಲೆಕ್ಕ ಹಾಕಿ ನೋಡೋಣ

ಇಪ್ಪತ್ತು ಕುಂಡಗಳಲ್ಲಿ ಗುಲಾಬಿ ಇದೆ ಎನ್ನಿ. ಬೇಸಿಗೆಯಲ್ಲಿ ಒಂದೊಂದಕ್ಕೆ ದಿನಕ್ಕೆ ಒಂದೂವರೆ ಲೀಟರಾದರೂ ಬೇಕು. ಅಂದರೆ ದಿನಕ್ಕೆ 30 ಲೀಟರ್, 15 ಲೀಟರಿನ ಎರಡು ಕೊಡ. ವಾರಕ್ಕೆ ಹದಿನಾಲ್ಕು ಕೊಡ. ಅದೇ ಇಪ್ಪತ್ತು ಕುಂಡಗಳಲ್ಲಿ ರಸಭರಿತ ಗಿಡಗಳಿದ್ದರೆ, ಒಂದೊಂದಕ್ಕೆ ಅರ್ಧ ಲೀಟರಿನಂತೆ ವಾರಕ್ಕೆ ಎರಡು ಸಲ ಸಾಕು. ವಾರಕ್ಕೆ 20 ಲೀಟರ್, ಒಂದೂವರೆ ಕೊಡಕ್ಕಿಂತ ಕಡಿಮೆ. ಒಂದು ವಾರ ನೀರು ಸಿಗಲೇ ಇಲ್ಲವೆಂದರೂ ಬಲಿತ ಗಿಡ ಸಾಯುವುದಿಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಈ ಉಳಿತಾಯದಿಂದ ಊರಿನ ನೀರಿನ ಪ್ರಶ್ನೆ ಬಗೆಹರಿಯುವುದಿಲ್ಲ. ಕಬ್ಬಿನ ಬೆಳೆಗೆ ಒಟ್ಟು 2000 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ, ಒಂದು ಎಕರೆಗೆ ಸುಮಾರು 80 ಲಕ್ಷ ಲೀಟರ್ ಆಗುತ್ತದೆ. ಅದರ ಮುಂದೆ ಕುಂಡದ ನೀರು ಯಾವ ಲೆಕ್ಕ? ಹೊಲದ ನೀರು ಉಳಿಸಬೇಕಾದರೆ ಹನಿ ನೀರಾವರಿಯೇ ಆಗಬೇಕು, ರವದಿ ಸುಡದೆ ಹೊದಿಸಬೇಕು. ಆದರೆ ಹೊಲದ ನೀರನ್ನು ಮೋಟಾರು ಎತ್ತುತ್ತದೆ; ಮನೆಯ ನೀರನ್ನು ಹೆಣ್ಣುಮಕ್ಕಳು ತಲೆಯ ಮೇಲೆ ಹೊರುತ್ತಾರೆ. ವಾರಕ್ಕೆ ಹನ್ನೆರಡು ಕೊಡ ಕಡಿಮೆಯಾಗುವುದು ಹೊತ್ತವರಿಗೆ ಸಣ್ಣ ಮಾತಲ್ಲ.

ರಾತ್ರಿ ಉಸಿರಾಡುವ ಗಿಡಗಳು

ಈ ಗಿಡಗಳು ತಮಗೆ ಹೊಸವಲ್ಲ. ದೃಷ್ಟಿ ತಾಗಬಾರದೆಂದು ಬಾಗಿಲ ಮೇಲೆ ಲೋಳೆಸರವನ್ನು ತಲೆಕೆಳಗಾಗಿ ಕಟ್ಟುವುದನ್ನು ಕಂಡಿದ್ದೀರಿ. ಮಣ್ಣಿಲ್ಲ, ನೀರಿಲ್ಲ, ಆದರೂ ಅದು ತಿಂಗಳುಗಟ್ಟಲೆ ಹಸಿರಾಗಿ ಇರುತ್ತದೆ. ಇದು ಹೇಗೆ ಸಾಧ್ಯ?

ಎಲ್ಲ ಗಿಡಗಳ ಎಲೆಯಲ್ಲಿಯೂ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಗಿಡವು ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈ ಆಕ್ಸೈಡನ್ನು ಆ ರಂಧ್ರಗಳ ಮೂಲಕ ಒಳಗೆ ತೆಗೆದುಕೊಳ್ಳುತ್ತದೆ. ಬಾಗಿಲು ತೆರೆದಾಗ ಗಾಳಿ ಒಳಗೆ ಬರುವಂತೆ ತೇವ ಹೊರಗೆ ಹೋಗುತ್ತದೆ. ಸಾಮಾನ್ಯ ಗಿಡಗಳು ಈ ಬಾಗಿಲನ್ನು ಹಗಲು ಬಿಸಿಲಿನಲ್ಲಿ ತೆರೆಯುತ್ತವೆ. ಆದ್ದರಿಂದ ನೀರು ಬಹಳ ಖರ್ಚಾಗುತ್ತದೆ. ಬಹುಪಾಲು ರಸಭರಿತ ಗಿಡಗಳು ಹಗಲು ಬಾಗಿಲು ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆಯುತ್ತವೆ. ರಾತ್ರಿ ಒಳಗೆ ಬಂದದ್ದನ್ನು ಮ್ಯಾಲಿಕ್ ಆಮ್ಲ ಎಂಬ ಹುಳಿಯಾಗಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ ಬಾಗಿಲು ತೆರೆಯದೆಯೇ ಅದರಿಂದ ಸಕ್ಕರೆ ಮಾಡಿಕೊಳ್ಳುತ್ತವೆ.

ಈ ಗುಟ್ಟಿನ ಒಂದು ಸುಳಿವು ದೊರೆತದ್ದು ನಮ್ಮ ದೇಶದಲ್ಲಿಯೇ. ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞ ಕೆಲಕಾಲ ಬೆಂಗಳೂರಿನ ಲಾಲಬಾಗಿನ ಉಸ್ತುವಾರಿಯನ್ನೂ ನೋಡಿಕೊಂಡಿದ್ದ. ಕಾಡುಬಸಳೆಯ ಎಲೆಯನ್ನು ಆತ ಬೇರೆ ಬೇರೆ ಹೊತ್ತಿನಲ್ಲಿ ರುಚಿ ನೋಡಿದ. ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ. ಈ ಸಂಗತಿ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಎಲೆಯಿಂದಲೇ ಮರಿ ಹುಟ್ಟುವ ಕಾಡುಬಸಳೆಯನ್ನು ತಾವೆಲ್ಲ ಬಲ್ಲಿರಿ. ಅದರಲ್ಲಿ ವಿಷದ ಅಂಶವೂ ಇರುವುದರಿಂದ ತಾವು ರುಚಿ ನೋಡಲು ಹೋಗಬೇಡಿ. ನೋಡಿದವನ ಮಾತನ್ನು ನಂಬಿದರೆ ಸಾಕು.

ಕಬ್ಬು ಬೆಳೆಯುವ ನಮಗೆ ಇನ್ನೊಂದು ಹೆಮ್ಮೆಯ ಸಂಗತಿ ಇದೆ. ಕಬ್ಬೂ ಇಂಗಾಲವನ್ನು ಮೊದಲು ಇಂಥದೇ ಆಮ್ಲವಾಗಿ ಹಿಡಿಯುತ್ತದೆ. ಇದನ್ನು 1965ರಲ್ಲಿ ಹವಾಯಿ ದ್ವೀಪದ ಕಬ್ಬಿನ ಸಂಶೋಧಕರು ಪ್ರಕಟಿಸಿದರು. 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಅದರ ದಾರಿಯನ್ನು ಬಿಡಿಸಿ ತೋರಿಸಿದರು. ವ್ಯತ್ಯಾಸ ಇಷ್ಟೇ: ಕಬ್ಬು ಆ ಆಮ್ಲವನ್ನು ಹಗಲಿನಲ್ಲಿಯೇ, ಪಕ್ಕದ ಕೋಶಕ್ಕೆ ಸಾಗಿಸಿ ಕೂಡಲೇ ಬಳಸುತ್ತದೆ, ರಸಭರಿತ ಗಿಡ ರಾತ್ರಿಯೆಲ್ಲ ಕೂಡಿಟ್ಟು ಬೆಳಗ್ಗೆ ಬಳಸುತ್ತದೆ. ಕಬ್ಬು ನೀರು ಕುಡಿದು ಬೇಗ ಬೆಳೆಯುವ ಜಾತಿ, ಇದು ನೀರು ಉಳಿಸಿ ನಿಧಾನವಾಗಿ ಬೆಳೆಯುವ ಜಾತಿ. ಆದ್ದರಿಂದ ಈ ಗಿಡಗಳಿಂದ ಅವಸರದ ಬೆಳವಣಿಗೆಯನ್ನು ನಿರೀಕ್ಷಿಸಬಾರದು. ಹೆಚ್ಚು ನೀರು, ಹೆಚ್ಚು ಗೊಬ್ಬರ ಹಾಕಿ ಓಡಿಸಲು ಹೋದರೆ ಗಿಡ ಕೊಳೆಯುತ್ತದೆ.

ಬೆಳೆಯಬಹುದಾದ ಗಿಡಗಳು

ಅಡೇನಿಯಂ: ಆಫ್ರಿಕಾದ ಒಣನಾಡು ಮತ್ತು ಅರಬಸ್ತಾನ ಇದರ ತವರು. ಗಡ್ಡೆಯಂತೆ ಊದಿದ ಬುಡ, ಗುಲಾಬಿ ಕೆಂಪು ಬಣ್ಣದ ತುತ್ತೂರಿಯಂಥ ಹೂ. ನಮ್ಮ ಕಣಗಿಲೆಯ ಬಳಗಕ್ಕೆ ಸೇರಿದ್ದು. ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ನಗುವ ಹೂವೆಂದರೆ ಇದೇ. ಫೆಬ್ರುವರಿ ಮಾರ್ಚಿನಲ್ಲಿ ಹೊಸ ಬೀಜ ಹಾಕಿದರೆ ವಾರದಲ್ಲಿ ಮೊಳೆಯುತ್ತದೆ. ಹೂ ಬರಲು ಒಂದರಿಂದ ಒಂದೂವರೆ ವರ್ಷ ಬೇಕು. ಟೊಂಗೆ ನೆಟ್ಟರೂ ಚಿಗುರುತ್ತದೆ, ಆದರೆ ಬೀಜದ ಗಿಡಕ್ಕೆ ಬರುವಂಥ ದುಂಡು ಬುಡ ಅದಕ್ಕೆ ಬರುವುದಿಲ್ಲ. ದಿನಕ್ಕೆ ಆರು ತಾಸು ಬಿಸಿಲು ಬೇಕು. ಚಳಿಗಾಲದಲ್ಲಿ ಎಲೆ ಉದುರಿದರೆ ಗಾಬರಿಯಾಗಬೇಡಿ. ಗಿಡ ಮಲಗಿದೆ, ನೀರು ಕಡಿಮೆ ಮಾಡಿ. ನೀಲಿ ಹೂವಿನ ಅಡೇನಿಯಂ ಬೀಜ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ನಿಜವಾದ ನೀಲಿ ಬಣ್ಣದ ಅಡೇನಿಯಂ ಇಲ್ಲ.

ಯುಫೋರ್ಬಿಯಾ ಮಿಲಿ: ಮಡಗಾಸ್ಕರ ದ್ವೀಪದ ಮುಳ್ಳುಗಿಡ. ಹೂವಿನ ಎಸಳಿನಂತೆ ಕಾಣುವುದು ನಿಜವಾಗಿ ಬಣ್ಣ ತಳೆದ ಎಲೆ. ಹೂವು ಅದರ ನಡುವೆ ಸಾಸಿವೆಯಷ್ಟು ಸಣ್ಣದು. ಆದ್ದರಿಂದಲೇ ಅದು ವಾರಗಟ್ಟಲೆ ಬಾಡುವುದಿಲ್ಲ. ಮುಳ್ಳಿನ ಗಿಡ ಮನೆಯ ಮುಂದೆ ಬೇಡ ಎನ್ನುವವರು ಕಾಂಪೌಂಡಿನ ಗೋಡೆಯ ಮಗ್ಗುಲಿಗೆ ಇಡಬಹುದು. ಮಕ್ಕಳು ಓಡಾಡುವ ದಾರಿಯಲ್ಲಿ ಬೇಡ ಎಂಬುದನ್ನು ನಾನೂ ಹೇಳುತ್ತೇನೆ.

ಹತ್ತು ಗಂಟೆ ಹೂ: ಮರಾಠಿ ನೆರೆಯವರು ಇದನ್ನು ‘ಆಫೀಸ್ ಟೈಮ್’ ಎನ್ನುತ್ತಾರೆ. ಬಿಸಿಲೇರಿದಾಗ ಅರಳಿ ಮಧ್ಯಾಹ್ನ ಮುದುಡುತ್ತದೆ. ದಕ್ಷಿಣ ಅಮೇರಿಕದ ಮೂಲದ್ದು. ಒಂದು ಚೋಟಿನ ಟೊಂಗೆ ಚುಚ್ಚಿದರೆ ತಿಂಗಳಲ್ಲಿ ಹೂ. ನಮ್ಮ ಕಬ್ಬಿನ ಸಾಲಿನಲ್ಲಿ ಕಸವಾಗಿ ಬೆಳೆಯುವ, ಪಲ್ಯಕ್ಕೂ ಬರುವ ಗೋಳಿ ಸೊಪ್ಪಿನ ತಂಗಿ ಇದು. ಗೋಳಿ ಸೊಪ್ಪು ಕಬ್ಬಿನ ದಾರಿ ಮತ್ತು ರಸಭರಿತ ಗಿಡದ ದಾರಿ ಎರಡನ್ನೂ ಒಂದೇ ಎಲೆಯಲ್ಲಿ ನಡೆಸುತ್ತದೆ. ಎರಡೂ ಒಂದೇ ಕೋಶಗಳಲ್ಲಿ ನಡೆಯುತ್ತವೆ ಎಂದು 2022ರಲ್ಲಿ ಅಮೇರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಕಳೆಯೆಂದು ಕಿತ್ತೆಸೆಯುವ ಸೊಪ್ಪಿನಲ್ಲಿ ಎಷ್ಟು ದೊಡ್ಡ ಪಾಠ ಅಡಗಿದೆ ನೋಡಿರಿ.

ಕಲಾಂಚೋ: ಕಾಡುಬಸಳೆಯ ಬಳಗದ್ದೇ, ಮಡಗಾಸ್ಕರದ ಮೂಲದ್ದು. ದಪ್ಪ ಎಲೆಯ ಮೇಲೆ ಕೆಂಪು, ಹಳದಿ, ಕೇಸರಿ ಹೂಗೊಂಚಲು. ಕಬ್ಬಿಗೆ ತುರಾಯಿ ಬರುವುದು ಹೇಗೆ ಹಗಲು ರಾತ್ರಿಯ ಉದ್ದವನ್ನು ಅವಲಂಬಿಸಿದೆಯೋ ಹಾಗೆಯೇ ಇದರ ಹೂವೂ ಕೂಡ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುತ್ತದೆ. ಬೀದಿ ದೀಪದ ಕೆಳಗೆ ಅಥವಾ ರಾತ್ರಿಯೆಲ್ಲ ಬಲ್ಬು ಉರಿಯುವ ಪಡಸಾಲೆಯಲ್ಲಿ ಇಟ್ಟರೆ ಗಿಡ ಚೆನ್ನಾಗಿರುತ್ತದೆ, ಹೂ ಮಾತ್ರ ಬರುವುದಿಲ್ಲ. ಅಕ್ಟೋಬರದಿಂದ ಕತ್ತಲಿರುವ ಜಾಗಕ್ಕೆ ಸರಿಸಿದರೆ ಚಳಿಗಾಲ ಮುಗಿಯುವುದರೊಳಗೆ ಹೂ ಕಾಣುವಿರಿ. ಇದಕ್ಕೆ ಬೆಳಗಿನ ಬಿಸಿಲು ಸಾಕು.

ಸ್ಟೆಪೇಲಿಯಾ: ದಕ್ಷಿಣ ಆಫ್ರಿಕಾದ ಕಡೆಯದು. ಎಲೆಯಿಲ್ಲದ ನಾಲ್ಕು ಮೂಲೆಯ ಕಾಂಡ, ನೆಲಕ್ಕೆ ತಾಗಿ ಐದು ಮೂಲೆಯ ನಕ್ಷತ್ರದಂಥ ಹೂ. ಕೆಲವು ಜಾತಿಗಳಲ್ಲಿ ಅಂಗೈಗಿಂತ ದೊಡ್ಡದು. ನೋಡಲು ಸೊಗಸು, ಮೂಸಿದರೆ ಮಾತ್ರ ಸತ್ತ ಇಲಿಯ ನಾತ. ನೊಣಗಳನ್ನು ಕರೆಯಲು ಗಿಡ ಹೂಡಿದ ಉಪಾಯವದು. ಹಿತ್ತಲಿನ ಕೊನೆಯಲ್ಲಿ ಇಡಿರಿ. ಮನೆಗೆ ಬಂದ ಬೀಗರಿಗೆ ತಪ್ಪದೆ ತೋರಿಸಿರಿ.

ಶಿಂದಳ ಮಾಕುಡಿ: ದೂರದೇಶದ ಮಾತು ಆಯಿತು, ಇದು ನಮ್ಮ ಸಹ್ಯಾದ್ರಿಯ ಮಗಳು. ಶಾಸ್ತ್ರೀಯ ಹೆಸರು ಫ್ರೆರಿಯಾ ಇಂಡಿಕಾ. ಮುಂಬಯಿ ಪ್ರಾಂತದ ಗವರ್ನರನಾಗಿದ್ದ ಬಾರ್ಟಲ್ ಫ್ರೆರೆಯ ಹೆಸರನ್ನು ಡಾಲ್ಜೆಲ್ ಎಂಬ ಸಸ್ಯಶಾಸ್ತ್ರಜ್ಞ 1860ರ ದಶಕದಲ್ಲಿ ಇದಕ್ಕೆ ಇಟ್ಟ. ಜುನ್ನರದ ಬಳಿಯ ಶಿವನೇರಿ ಮೊದಲಾದ ಕಡೆ ಕಡಿದಾದ ಬಂಡೆಗಳ ಸಂದಿನಲ್ಲಿ ಬೆಳೆಯುತ್ತದೆ. ಮಹಾರಾಷ್ಟ್ರ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ತಾನಾಗಿ ಹುಟ್ಟುವುದಿಲ್ಲ. ಮಳೆಗಾಲದಲ್ಲಿ ಎಲೆ ತಳೆದು, ಒಣ ತಿಂಗಳುಗಳಲ್ಲಿ ಎಲೆ ಉದುರಿಸಿ ಬರಿಯ ಕಾಂಡವಾಗಿ ನಿಲ್ಲುತ್ತದೆ. ಕಡುಗೆಂಪು ಹೂವಿನ ಮೇಲೆ ಹಳದಿ ಚುಕ್ಕೆ. ಅಳಿವಿನ ಅಂಚಿನ ಗಿಡವಾದ್ದರಿಂದ ಗುಡ್ಡದಿಂದ ಕಿತ್ತು ತರಲೇಬಾರದು. ತುಂಡಿನಿಂದ ಸುಲಭವಾಗಿ ಬೇರು ಬಿಡುವುದರಿಂದ ನರ್ಸರಿಯಲ್ಲಿ ಬೆಳೆಸಿದ ಗಿಡ ದೊರೆಯುತ್ತದೆ. ಅದನ್ನೇ ಕೇಳಿ ತನ್ನಿ. ಇದರ ಬಂಧುವಾದ ಕರಲುಮಾ ನಮ್ಮ ದಖ್ಖನ್ನಿನ ಕುರುಚಲು ಗುಡ್ಡಗಳಲ್ಲಿಯೂ ಇದೆ. ತಮ್ಮೂರಿನ ಕುರಿಗಾರರನ್ನು ಕೇಳಿ ನೋಡಿ, ಅವರಲ್ಲಿ ಅದಕ್ಕೊಂದು ಹೆಸರಿದ್ದೀತು.

ಬ್ರಹ್ಮಕಮಲ: ರಾತ್ರಿ ಅರಳುವ ಈ ಬಿಳಿ ಹೂವನ್ನು ನೋಡಲು ಓಣಿಯೇ ಸೇರುತ್ತದೆ. ಹಿಮಾಲಯದ ನಿಜವಾದ ಬ್ರಹ್ಮಕಮಲವೇ ಬೇರೆ. ನಮ್ಮ ಮನೆಗಳಲ್ಲಿರುವುದು ಮೆಕ್ಸಿಕೊ ಕಡೆಯ ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಕಳ್ಳಿಯ ಜಾತಿ. ಆದ್ದರಿಂದ ಕಳ್ಳಿಯೆಂದು ಸುಡುಬಿಸಿಲಿನಲ್ಲಿ ಇಟ್ಟರೆ ಎಲೆಯಂಥ ಕಾಂಡ ಹಳದಿಯಾಗಿ ಸುಡುತ್ತದೆ. ಬೇವಿನ ಮರದ ನೆರಳು, ತುಸು ಹೆಚ್ಚು ತೇವ ಇದಕ್ಕೆ ಬೇಕು. ಬರಗಾಲಕ್ಕೆ ಇದನ್ನು ನಂಬಬೇಡಿ.

ಎರೆಮಣ್ಣು ಬೇಡ

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಭಾಗದಲ್ಲಿ ಇಂಥ ಗಿಡಗಳು ಬಾಯಾರಿಕೆಯಿಂದ ಸಾಯುವುದು ಅಪರೂಪ. ಹೆಚ್ಚಾಗಿ ಸಾಯುವುದು ಕೊಳೆತು. ಕಾರಣ ಎರೆಮಣ್ಣು. ಜೋಳಕ್ಕೂ ಕಡಲೆಗೂ ಎರೆ ಬಂಗಾರ, ಏಕೆಂದರೆ ನೀರನ್ನು ಹಿಡಿದಿಡುತ್ತದೆ. ಅದೇ ಗುಣ ಈ ಗಿಡಗಳ ಬೇರಿಗೆ ಮೃತ್ಯು.

ಕುಂಡದ ಮಣ್ಣನ್ನು ಹೀಗೆ ತಯಾರಿಸಿರಿ. ಜರಡಿ ಹಿಡಿದ ಗರಸು ಅಥವಾ ದಪ್ಪ ಉಸುಕು ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಪೂರ್ತಿ ಕಳಿತ ಹಳೆಯ ಸಗಣಿ ಗೊಬ್ಬರ ಒಂದು ಪಾಲು. ಇಟ್ಟಂಗಿಯ ಚೂರು ಸಿಕ್ಕರೆ ಒಂದು ಹಿಡಿ ಸೇರಿಸಿರಿ. ಗಿಡ ಹಚ್ಚುವ ಮೊದಲು ಒಂದು ತಂಬಿಗೆ ನೀರು ಸುರಿದು ಪರೀಕ್ಷಿಸಿರಿ. ಅರ್ಧ ನಿಮಿಷದೊಳಗೆ ಕೆಳಗಿನ ತೂತಿನಿಂದ ನೀರು ಹೊರಬರಬೇಕು. ಮೇಲೆಯೇ ನಿಂತರೆ ಇನ್ನಷ್ಟು ಗರಸು ಬೆರೆಸಿರಿ.

ಕಾರ್ಖಾನೆಯ ಪ್ರೆಸ್‌ಮಡ್ ಹಾಕಬಹುದೇ ಎಂದು ಕೇಳುವಿರಿ. ಹಸಿಯದು ಬೇಡ, ಅದು ಕಳಿಯುವಾಗ ಕಾವು ಹುಟ್ಟಿ ಬೇರು ಸುಡುತ್ತದೆ. ತಿಂಗಳುಗಟ್ಟಲೆ ಕಾಂಪೋಸ್ಟ್ ಆಗಿ ಮಣ್ಣಿನ ವಾಸನೆ ಬಂದದ್ದಾದರೆ ಕುಂಡಕ್ಕೆ ಒಂದು ಹಿಡಿ, ವರ್ಷಕ್ಕೆ ಒಮ್ಮೆ ಸಾಕು. ಕಬ್ಬಿನ ಸಿಪ್ಪೆಯನ್ನಂತೂ ಹಾಕಬೇಡಿ, ಅದು ತೇವ ಹಿಡಿದಿಡುತ್ತದೆ.

ಕುಂಡ ಕೊಂಡೇ ತರಬೇಕೆಂದಿಲ್ಲ. ಒಡೆದ ಹರವಿಯ ಬುಡ, ಬಿರುಕು ಬಿಟ್ಟ ಗಡಿಗೆ ಎಲ್ಲಕ್ಕೂ ಒಳ್ಳೆಯದು, ಮಣ್ಣಿನ ಗೋಡೆ ತೇವವನ್ನು ಹೊರಗೆ ಬಿಡುತ್ತದೆ. ಎಣ್ಣೆಯ ತಗಡಿನ ಡಬ್ಬಿ ಬಿಸಿಲಿನಲ್ಲಿ ಕಾಯುತ್ತದೆ; ಬಳಸಿದರೆ ಬೇರೆ ಕುಂಡಗಳ ನೆರಳಿನಲ್ಲಿ ಇಡಿರಿ. ಯಾವುದಾದರೂ ಸರಿ, ತಳದಲ್ಲಿ ತೂತು ಇರಲೇಬೇಕು.

ತುಂಡು ನೆಡುವ ರೀತಿ

ಕಬ್ಬಿನ ಬೀಜದ ತುಂಡನ್ನು ನಾವು ಕಡಿದಷ್ಟು ತಾಜಾ ಇರುವಾಗಲೇ ನೆಡುತ್ತೇವೆ. ಒಣಗಿದರೆ ಕಣ್ಣು ಏಳುವುದಿಲ್ಲ. ರಸಭರಿತ ಗಿಡದ ನಿಯಮ ಇದಕ್ಕೆ ಪೂರ್ತಿ ವಿರುದ್ಧ. ತುಂಡು ಕತ್ತರಿಸಿದ ಕೂಡಲೇ ನೆಟ್ಟರೆ ಗಾಯದಿಂದ ಕೊಳೆ ಹಿಡಿಯುತ್ತದೆ. ಕತ್ತರಿಸಿದ ತುಂಡನ್ನು ನೆರಳಿನಲ್ಲಿ ಐದರಿಂದ ಎಂಟು ದಿನ ಹಾಗೆಯೇ ಬಿಡಿರಿ. ಗಾಯ ಒಣಗಿ ಚರ್ಮ ಕಟ್ಟಿದ ಮೇಲೆ ಅರೆತೇವದ ಉಸುಕಿನಲ್ಲಿ ಊರಿರಿ. ನಂತರವೂ ನಾಲ್ಕಾರು ದಿನ ನೀರು ಬೇಡ. ಹಾಲು ಸುರಿಯುವ ಯುಫೋರ್ಬಿಯಾದ ತುಂಡನ್ನು ಮೊದಲು ನೀರಿನಲ್ಲಿ ಅದ್ದಿದರೆ ಹಾಲು ನಿಲ್ಲುತ್ತದೆ. ಹತ್ತು ಗಂಟೆ ಹೂವಿಗೆ ಮಾತ್ರ ಈ ಕಾಯುವಿಕೆ ಬೇಕಿಲ್ಲ; ಅದನ್ನು ಹಾಗೆಯೇ ಚುಚ್ಚಬಹುದು.

ನೀರು ಕೊಡುವ ಕ್ರಮ

ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಚಳಿಗಾಲದಲ್ಲಿ ಎರಡು ಮೂರು ವಾರಕ್ಕೆ ಒಂದು ಸಲ ಎಂದು ಸ್ಥೂಲವಾಗಿ ಹೇಳಬಹುದು. ಆದರೆ ಕ್ಯಾಲೆಂಡರ್ ನೋಡಿ ನೀರು ಹಾಕುವುದಕ್ಕಿಂತ ಬೆರಳು ಚುಚ್ಚಿ ನೋಡಿ ಹಾಕುವುದು ಲೇಸು. ಎರಡು ಇಂಚಿನವರೆಗೆ ಮಣ್ಣು ಒಣಗಿದ್ದರೆ ತಳದಿಂದ ಹರಿಯುವಷ್ಟು ಕೊಡಿ. ಒಳಗೆ ತೇವವಿದ್ದರೆ ಕೈ ತೊಳೆದು ಹೋಗಿಬಿಡಿ. ಕೊಟ್ಟಾಗ ಪೂರ್ತಿ ಕೊಡಬೇಕು, ನಂತರ ಪೂರ್ತಿ ಒಣಗಲು ಬಿಡಬೇಕು. ದಿನಾಲು ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿಯುತ್ತದೆ.

ಮಿರಗದ ಮಳೆ ಇವುಗಳಿಗೆ ಹಬ್ಬ. ಆದರೆ ನಮ್ಮಲ್ಲಿ ಮಳೆ ಜೋರಾಗುವುದು ಸಪ್ಟೆಂಬರದಲ್ಲಿ, ಉತ್ತರಾ ಹಸ್ತಾ ಮಳೆಗಳಿಗೆ. ಬೇಸಿಗೆಯಲ್ಲಿ ಉಳಿದ ಗಿಡ ಈ ಮಳೆಗಳಲ್ಲಿ ಹೋಗುವುದುಂಟು. ಆಗ ಕುಂಡಗಳನ್ನು ಸೂರಿನ ಕೆಳಗೆ ಸರಿಸಿ. ಸರಿಸಲಾಗದ ದೊಡ್ಡ ಕುಂಡವನ್ನು ಎರಡು ಇಟ್ಟಂಗಿಯ ಮೇಲೆ ಎತ್ತಿಟ್ಟರೆ ತೂತು ಮುಚ್ಚುವುದಿಲ್ಲ.

ಅಕ್ಕಿ ಬೇಳೆ ತೊಳೆದ ನೀರು ಹಾಕಬಹುದು. ಸಾಬೂನಿನ ನೀರು, ಉಪ್ಪಿನ ನೀರು ಬೇಡ. ಬೋರಿನ ನೀರು ಸವಳಾಗಿದ್ದರೆ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ. ನೀರು ಹೆಚ್ಚಾಗಿ ಸವಳಾದ ಕಬ್ಬಿನ ಹೊಲವನ್ನು ಕಂಡವರಿಗೆ ಇದರ ಅರ್ಥ ಹೇಳಬೇಕಿಲ್ಲ. ಹೊಲಕ್ಕೆ ಬಸಿಗಾಲುವೆ ಹೇಗೋ ಹಾಗೆಯೇ ಕುಂಡಕ್ಕೆ ತೂತು: ವರ್ಷದ ಮೊದಲ ಒಳ್ಳೆಯ ಮಳೆಯಲ್ಲಿ ಕುಂಡವನ್ನು ಬಯಲಿಗಿಟ್ಟು ಉಪ್ಪು ತೊಳೆದು ಹೋಗಲು ಬಿಡಿರಿ.

ರೋಗ ಮತ್ತು ಕೀಟ

ಎಲೆಯ ಸಂದಿನಲ್ಲಿ ಬಿಳಿ ಹಿಟ್ಟಿನಂತೆ ಕಂಡರೆ ಅದು ಹಿಟ್ಟು ತಿಗಣೆ. ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿರಿ. ಉಳಿದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ತುಸು ಸಾಬೂನು ಕಲಸಿ ಸಂಜೆ ಸಿಂಪಡಿಸಿರಿ. ಅಡೇನಿಯಂ ಎಲೆ ಒಂದೇ ರಾತ್ರಿಯಲ್ಲಿ ಮಾಯವಾದರೆ ಕಣಗಿಲೆಯನ್ನು ತಿನ್ನುವ ದಪ್ಪ ಹಸಿರು ಹುಳ ಬಂದಿರುತ್ತದೆ. ಕೈಯಿಂದ ಆರಿಸಿ ತೆಗೆಯುವುದೇ ಸಾಕು. ಬುಡ ಒತ್ತಿದರೆ ಮೆತ್ತಗೆ ಹತ್ತಿದರೆ ಕೊಳೆ. ಗಿಡ ಕಿತ್ತು, ಕೊಳೆತ ಭಾಗವನ್ನು ಬಿಳಿ ಹಸಿ ಕಾಣುವವರೆಗೆ ಕೆತ್ತಿ, ವಾರ ಒಣಗಿಸಿ ಮತ್ತೆ ನೆಡಿರಿ. ಚೂರಿಯನ್ನು ಪ್ರತಿಸಲ ತೊಳೆಯಿರಿ.

ಎರಡು ಎಚ್ಚರಿಕೆಗಳು

ಮೊದಲನೆಯದು ವಿಷ. ಅಡೇನಿಯಂ ರಸವನ್ನು ಆಫ್ರಿಕಾದಲ್ಲಿ ಬಾಣದ ತುದಿಗೆ ಸವರುತ್ತಿದ್ದರು. ಯುಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಕಲಾಂಚೋ ಮತ್ತು ಕಾಡುಬಸಳೆ ತಿಂದ ದನಕರುಗಳಿಗೆ ವಿಷವೇರುವುದುಂಟು. ಕಟಾವು ಮಾಡಿದ ಟೊಂಗೆಗಳನ್ನು ಆಡು ಆಕಳುಗಳು ತಿರುಗುವ ತಿಪ್ಪೆಗೆ ಎಸೆಯದೆ ಕುಣಿ ತೋಡಿ ಹುಗಿಯಿರಿ. ಕೆಲಸವಾದ ಮೇಲೆ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ. ಕಣ್ಣಿಗೆ ಹಾಲು ಸಿಡಿದರೆ ಬಹಳ ಹೊತ್ತು ಸ್ವಚ್ಛ ನೀರಿನಿಂದ ತೊಳೆದು ಕೂಡಲೇ ಡಾಕ್ಟರರಲ್ಲಿಗೆ ಹೋಗಿರಿ.

ಎರಡನೆಯದು, ಗಿಡ ಬೇಲಿ ದಾಟಬಾರದು. ಪಾಪಾಸುಕಳ್ಳಿಯ ಕಥೆ ಇದಕ್ಕೆ ಸಾಕ್ಷಿ. ಅದೂ ಅಮೇರಿಕ ಖಂಡದಿಂದ ಬಂದದ್ದೇ. ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳವೆಂದು 1795ರಲ್ಲಿ ತರಿಸಿದ ಹುಳ ಬೇರೆಯದೇ ಜಾತಿಯದಾಗಿತ್ತು. ಅದು ಒಂದು ಬಗೆಯ ಕಳ್ಳಿಯನ್ನು ತಿಂದು ಹಾಕಿತು. ಉಳಿದ ಬಗೆ ದಕ್ಷಿಣ ಭಾರತದ ಹೊಲ ಗೋಮಾಳಗಳನ್ನು ನುಂಗಿತು. 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಜಾತಿಯ ಹುಳ ತಂದು ಬಿಟ್ಟ ಮೇಲೆಯೇ ಅದು ಹತೋಟಿಗೆ ಬಂತು. ಒಂದು ಎಲೆ, ಒಂದು ತುಂಡು ಬಿದ್ದಲ್ಲಿಯೇ ಬದುಕುವ ಗುಣ ಕುಂಡದಲ್ಲಿ ವರ, ಹೊಲದಲ್ಲಿ ಶಾಪ. ಹೆಚ್ಚಾದ ಗಿಡವನ್ನು ಹಳ್ಳಕ್ಕೆ, ರಸ್ತೆಯ ಮಗ್ಗುಲಿಗೆ ಎಸೆಯಬೇಡಿ. ನೆರೆಮನೆಯ ಅಕ್ಕನಿಗೆ ಕೊಡಿ.

ಕೊನೆಯ ಮಾತು

ಇವುಗಳ ಹೂ ದೇವರಿಗೆ ಏರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಅದು ಆಯಾ ಮನೆಯ ರೂಢಿ. ತುಳಸಿಕಟ್ಟೆಗೂ ಒಂದು ದಾಸವಾಳಕ್ಕೂ ನೀರು ಮೀಸಲಿಡಿ, ಉಳಿದ ಅಂಗಳವನ್ನು ಈ ಗಿಡಗಳಿಗೆ ಬಿಡಿ ಎಂಬುದು ನನ್ನ ಸಲಹೆ. ಬಚತ್ ಗಟದ ತಾಯಂದಿರು ಅಡೇನಿಯಂ ಬೀಜದ ಸಸಿ ಬೆಳೆಸಿ, ಒಳ್ಳೆಯ ಬಣ್ಣದ ಟೊಂಗೆಯನ್ನು ಕಸಿ ಕಟ್ಟಲು ಕಲಿತರೆ ನಾಲ್ಕು ಕಾಸೂ ಬರಬಹುದು. ಆದರೆ ಮೊದಲ ವರ್ಷವೇ ಲಾಭ ಎಣಿಸಬೇಡಿ. ನಿಧಾನ ಈ ಗಿಡಗಳ ಹುಟ್ಟುಗುಣ.

ಮೂರೇ ಕುಂಡದಿಂದ ಆರಂಭಿಸಿ: ಒಂದು ಅಡೇನಿಯಂ, ಒಂದು ಕಲಾಂಚೋ, ಒಂದು ಹತ್ತು ಗಂಟೆ ಹೂ. ಮುಂದಿನ ಬೇಸಿಗೆಯಲ್ಲಿ ಬಾವಿಯ ತಳ ಕಂಡಾಗ, ಟ್ಯಾಂಕರಿನ ದಾರಿ ನೋಡುತ್ತ ಕೊಡ ಸಾಲು ಹಚ್ಚಿದಾಗ, ಮನೆಯ ಮುಂದೆ ಒಂದಾದರೂ ಹೂ ಅರಳಿರಲಿ. ಅದಕ್ಕಾಗಿ ಯಾವ ತಾಯಿಯೂ ಒಂದು ಕೊಡ ಹೆಚ್ಚು ಹೊರುವಂತಾಗದಿರಲಿ.